ಫ್ಯಾಂಟಸ್ಮಗೋರಿಯಕ್ಕೆ ಕನ್ನಡದಲ್ಲಿ ಏನನ್ನೋಣ?

ಬಲ್ಲವರಲ್ಲಿ ತುರ್ತು ಕೋರಿಕೆ. ಹಳೆಯ ಮ್ಯಾಜಿಕ್ ಲ್ಯಾಂಟರ್ನ್‌ಗಳ (ಗಾಜಿನ ಮೇಲಿನ ಚಿತ್ರವನ್ನು ದೀಪದ ಬೆಳಕಿನಲ್ಲಿ ಪರದೆಗೆ ಬೀಳಿಸುವ ಪೆಟ್ಟಿಗೆಗಳ) ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ, ನಾಳೆ ಬೆಳಿಗ್ಗೆ ಸುಲ್ತಾನ್‌ಪೇಟೆಯ ಪ್ರೆಸ್ಸಿಗೆ ಕೊಡಬೇಕು. 1798ರಲ್ಲಿ ಪ್ಯಾರಿಸಿನಲ್ಲಿ ರಾಬರ್ಟ್‌ಸನ್ ಎಂಬಾತ ತೋರಿಸುತ್ತಿದ್ದ ದೆವ್ವದಾಟದ ಹೆಸರಿದು. ಪರದೆಯ ಹಿಂದೆ ಗಾಲಿಯ ಮೇಲೆ ದೀಪದ ಪೆಟ್ಟಿಗೆ. ಅದನ್ನು ಹಿಂದಕ್ಕೆ ಎಳೆದಷ್ಟೂ ಬಿಂಬ ದೊಡ್ಡದಾಗಿ, ಕತ್ತಲಲ್ಲಿ ಕೂತವರಿಗೆ ಮೈಮೇಲೇ ಬಂದಂತೆ ಕಾಣುತ್ತಿತ್ತು. ಈಗ ಕನಸಿನ ಹಾಗೆ ಒಂದರೊಳಗಿಂದ ಒಂದು ಹುಟ್ಟಿ ಮಾಯವಾಗುವ ಚಿತ್ರಗಳಿಗೂ ಅದೇ ಪದ. ಎರಡೂ ಅರ್ಥ ಬರಬೇಕು. ‘ಮಾಯಾಚಿತ್ರಾವಳಿ’ ಆದೀತೇ?

*

ಮಾಯಾ ಸಂಸ್ಕೃತ, ಚಿತ್ರ ಸಂಸ್ಕೃತ, ಆವಳಿ ಸಂಸ್ಕೃತ. ಬೇಡ. ‘ಕಣ್ಕಟ್ಟು’ ಇದೆಯಲ್ಲ.

*

ಕಣ್ಕಟ್ಟು ಗಾರುಡಿಗನದು. ರುಮಾಲಿನಿಂದ ಪಾರಿವಾಳ ತೆಗೆದರೆ ಕಣ್ಕಟ್ಟು. ಅದರಲ್ಲಿ ಮೋಸವಿದೆ, ಕನಸಿಲ್ಲ. ಆಕಾಶದಲ್ಲಿ ತೋರಿ ಮಾಯವಾಗುವ ಊರಿಗೆ ‘ಗಂಧರ್ವನಗರ’ ಎಂಬ ಸಿದ್ಧಪದವಿದೆ, ಅದನ್ನು ಬಿಟ್ಟು ಏಕೆ ಅಲೆಯುತ್ತೀರಿ? ಅದ್ವೈತದ ಹಳೆಯ ಆಚಾರ್ಯ ಗೌಡಪಾದರು ಅದನ್ನು ಕನಸು, ಮಾಯೆಗಳ ಪಕ್ಕದಲ್ಲೇ ಕೂರಿಸಿದ್ದಾರೆ.

*

ಮೇಷ್ಟ್ರೇ, ಬೆಂಗಳೂರಿನಲ್ಲಿ ಗಂಧರ್ವನಗರ ಅಂತ ಬೋರ್ಡ್ ಹಾಕಿದರೆ ಜನ ಸೈಟಿನ ರೇಟು ಕೇಳಿಕೊಂಡು ಬರ್ತಾರೆ. ಕನಸು ಅಚ್ಚಗನ್ನಡ, ‘ಕಾಣ್’ ಧಾತುವಿನಿಂದ ಬಂದದ್ದು. ಕಂಡದ್ದೇ ಕನಸು. ‘ಕನಸಾಟ’ ಅನ್ನಿ, ಬಯಲಾಟದ ಹಾಗೆ.

*

ಕಾಣ್‌ನಲ್ಲಿ ಣಕಾರ, ಕನಸಿನಲ್ಲಿ ನಕಾರ. ವ್ಯುತ್ಪತ್ತಿ ಅಂದರೆ ಬಾಯಿಗೆ ಬಂದದ್ದಲ್ಲ.

*

ಕನ್ನಡಿಯಲ್ಲೂ ನಕಾರವೇ, ತಮಿಳಿನ ಕಣ್ಣಾಡಿಯಲ್ಲಿ ಣಕಾರ. ಅದಕ್ಕೇನಂತೀರಿ?

*

ಕಣ್ಣಾಡಿಯಲ್ಲಿ ಣಕಾರ ಉಳಿಸಿಕೊಂಡ ಅದೇ ತಮಿಳು ಕನಸಿಗೆ ‘ಕನವು’ ಅನ್ನುತ್ತದೆ. ಅಲ್ಲೂ ನಕಾರವೇ. ನೀವು ತಂದ ಸಾಕ್ಷಿ ನಿಮಗೇ ತಿರುಗಿಬಿತ್ತು. ಅಂದಹಾಗೆ, ಅಚ್ಚಗನ್ನಡ ಅನ್ನುವವರೇ ಬೋರ್ಡು, ಸೈಟು, ರೇಟು ಅಂತ ಬರೆಯುತ್ತಿದ್ದೀರಿ. ನಾಮಫಲಕದಲ್ಲಿ ಶೇ. 60 ಕನ್ನಡ ಇರಲಿ ಅನ್ನುವ ಕಾಯಿದೆಯಲ್ಲಿ ‘ಕಾಯಿದೆ’ಯೇ ಅರಬ್ಬಿ ಮೂಲದ್ದು.

*

ಜನರ ಬಾಯಲ್ಲಿ ಸವೆದದ್ದು ನಮ್ಮದೇ ಪದ. ಮೂರು ಸಂಸ್ಕೃತ ಪದ ಪೋಣಿಸಿ, ಯಾರೂ ಆಡದ್ದನ್ನು ಇವತ್ತು ಹೊಸದಾಗಿ ಹೇರುವುದಕ್ಕಷ್ಟೇ ನನ್ನ ತಕರಾರು. (ತಕರಾರೂ ಅರಬ್ಬಿಯೇ. ತಾವು ಬರೆಯುವ ಶ್ರಮ ತೆಗೆದುಕೊಳ್ಳಬೇಡಿ.)

*

ಜಗಳ ಆಮೇಲೆ ಆಡೋಣ, ದಯವಿಟ್ಟು. ಧಾತು ಯಾವುದೇ ಇರಲಿ, ‘ಕನಸಾಟ’ ಹಾಕುತ್ತಿದ್ದೇನೆ. ಕೆಳಗೆ ಸಣ್ಣಕ್ಷರದಲ್ಲಿ ಫ್ಯಾಂಟಸ್ಮಗೋರಿಯ. ದೆವ್ವದ ಅಂಜಿಕೆ ಅದರಲ್ಲಿ ಬರುವುದಿಲ್ಲ, ವಿವರಣೆಯಲ್ಲಿ ಸೇರಿಸುತ್ತೇನೆ. ಇನ್ನೊಂದು ಉಳಿದಿದೆ: ಆ ದೀಪದ ಪೆಟ್ಟಿಗೆಗೆ ‘ಲಾಂದ್ರ’ ಅನ್ನಲೇ, ‘ಲಾಟೀನು’ ಅನ್ನಲೇ?