ಹಸಿರು ಕಾಫಿ ಬೀಜದ ಸಾರ: ಬ್ಯಾಚಿನಿಂದ ಬ್ಯಾಚಿಗೆ ಪ್ರಮಾಣ ಬೇರೆ ಬರುತ್ತಿದೆ

ಪ್ರಶ್ನೆ (ಮೂಡಿಗೆರೆ):
ಹುರಿಯದ ರೋಬಸ್ಟಾ ಬೀಜದ ಪುಡಿಯನ್ನು 10 ಪಟ್ಟು ನೀರಲ್ಲಿ ಕುದಿಸಿ ಸಾರ ತೆಗೆಯುತ್ತಿದ್ದೇವೆ. ಕ್ಲೋರೋಜೆನಿಕ್ ಆಮ್ಲ (ಹಸಿರು ಬೀಜದ ಮುಖ್ಯ ಸತ್ವ) ಒಂದು ಬ್ಯಾಚಿನಲ್ಲಿ ಶೇ 26, ಇನ್ನೊಂದರಲ್ಲಿ 21. ಬಣ್ಣವೂ ಕಂದು. ಕ್ಯಾಪ್ಸೂಲ್ ತುಂಬುವಾಗ ಪುಡಿ ಗಂಟು ಕಟ್ಟುತ್ತದೆ.

ಉತ್ತರ 1 (ಹಾಸನ):
ಕುದಿಸಬೇಡಿ ಸರ್. ಹೆಚ್ಚು ಹೊತ್ತು ಕುದಿದರೆ ಆಮ್ಲ ಒಡೆಯುತ್ತದೆ. ಹಾಗಂತ ತಣ್ಣೀರಲ್ಲೂ ನೆನೆಹಾಕಬಾರದು, ಬೀಜದ ಕಿಣ್ವವೇ ಅದನ್ನು ಕಂದಾಗಿಸುತ್ತದೆ. 80 ಡಿಗ್ರಿ ನೀರಿಗೆ ಪುಡಿ ಸುರಿದು, 65ಕ್ಕೆ ಇಳಿಸಿ, ಒಂದೊಂದು ಗಂಟೆಯಂತೆ ಎರಡು ಸಲ ತೆಗೆಯಿರಿ. ಮುಖ್ಯವಾಗಿ ನೀರು ನೋಡಿ. ಕ್ಷಾರದ ಬೋರ್‌ವೆಲ್ ನೀರಾದರೆ ಸಾರ ಪಾಚಿ ಹಸಿರಿಗೆ ತಿರುಗುತ್ತದೆ. ಆರ್‌ಒ ನೀರಿಗೆ ಚೂರು ಸಿಟ್ರಿಕ್ ಆಮ್ಲ ಹಾಕಿ ಪಿಎಚ್ 4–5ರಲ್ಲಿಡಿ. ನಿರ್ವಾತದಲ್ಲಿ 55 ಡಿಗ್ರಿ ದಾಟದಂತೆ ಇಂಗಿಸಿ.

ಉತ್ತರ 2 (ಚಿಕ್ಕಮಗಳೂರು):
ಕೈಲಿರುವ ಎರಡು ಬ್ಯಾಚನ್ನು ಬೆರೆಸಿ ಸರಿಪಡಿಸಬಹುದು: 26ರದ್ದು 3 ಭಾಗ, 21ರದ್ದು 2 ಭಾಗ, ಶೇ 24 ಸಿಗುತ್ತದೆ. ಬೆರೆಸಿದ ಮೇಲೆ ಮೇಲು, ನಡು, ತಳದ ಮಾದರಿ ತೆಗೆದು ಎಚ್‌ಪಿಎಲ್‌ಸಿಯಲ್ಲಿ (ಘಟಕಗಳನ್ನು ಬೇರ್ಪಡಿಸಿ ಅಳೆಯುವ ಲ್ಯಾಬ್ ಯಂತ್ರ) 325 ನ್ಯಾನೊಮೀಟರ್ ಬೆಳಕಿಗೆ ಓದಿಸಿ. ಬೇರ್ಪಡಿಸದೆ ಬರೀ ಯುವಿ (ನೇರಳಾತೀತ ಬೆಳಕಿನ) ಓದು ಸಾಲದು, ಇದೇ ಜಾತಿಯ ಬೇರೆ ಫೀನಾಲ್‌ಗಳೂ ಲೆಕ್ಕಕ್ಕೆ ಸೇರಿಬಿಡುತ್ತವೆ. ಕೆಫೀನ್ ಬೇರೆಯಾಗಿ ಅಳೆದು ಲೇಬಲ್‌ನಲ್ಲಿ ಹಾಕಿ.

ಗಂಟಿಗೆ ಕಾರಣ ತೇವ. ಮಲೆನಾಡಿನ ಮಳೆಗಾಲದಲ್ಲಿ ತುಂಬುವ ಕೋಣೆಯ ಆರ್ದ್ರತೆ ಶೇ 40ರೊಳಗಿರಬೇಕು. ಗಂಟು ತಡೆಯಲು ಶೇ 1 ಸಿಲಿಕಾನ್ ಡೈಆಕ್ಸೈಡ್ ಸೇರಿಸಿ. 0 ಸೈಜಿನ ಕ್ಯಾಪ್ಸೂಲ್ ಹಿಡಿಯುವುದು 0.68 ಮಿ.ಲೀ.; ಪುಡಿಯ ಸಾಂದ್ರತೆ ಮಿ.ಲೀ.ಗೆ 0.6 ಗ್ರಾಂ ಇದ್ದರೆ ಸುಮಾರು 400 ಮಿ.ಗ್ರಾಂ.

ಪ್ರಶ್ನೆ (ಮೂಡಿಗೆರೆ):
ಕ್ಲೋರೋಜೆನಿಕ್ ಆಮ್ಲ ಶೇ 50 ಬೇಕೆಂದರೆ?

ಉತ್ತರ 1:
ನೀರಿನ ಸಾರದಲ್ಲಿ ಆಗದು ಸರ್. ರೆಸಿನ್ ಕಾಲಮ್ಮಿಗೆ (ಆಮ್ಲವನ್ನು ಹಿಡಿದಿಡುವ ಹರಳು ತುಂಬಿದ ಕೊಳವೆ) ಹಾಯಿಸಿ, ಸಕ್ಕರೆ ತೊಳೆದು, ಹಿಡಿದ ಆಮ್ಲವನ್ನು ಎಥನಾಲ್‌ನಲ್ಲಿ ಇಳಿಸಬೇಕು.