ಛಾಯಾ ಸಂಪುಟ: ಖಾತೆ ಹಂಚಿಬಿಟ್ಟರೆ ಸಾಕೇ?

ಪ್ರಶ್ನೆ:
ಒಡಿಶಾದಲ್ಲಿ ಸೋತ ಬಿಜೆಡಿ 2024ರ ಜುಲೈನಲ್ಲಿ ತನ್ನ 50 ಶಾಸಕರಿಗೆ ಇಲಾಖೆವಾರು ಹೊಣೆ ಹಂಚಿತು. ಒಬ್ಬೊಬ್ಬ ಸಚಿವರ ಮೇಲೂ ಕಣ್ಣಿಡಲು ವಿರೋಧ ಪಕ್ಷ ತನ್ನವರನ್ನು ನೇಮಿಸುವ ಈ ‘ಛಾಯಾ ಸಂಪುಟ’ ಬ್ರಿಟನ್ನಿನಲ್ಲಿ ಹಳೆಯ ಪದ್ಧತಿ. ಅಲ್ಲಿ ಛಾಯಾ ಸಚಿವರು ನಿಜವಾಗಿ ಮಾಡುವ ಕೆಲಸವೇನು? ಖರ್ಚು ಯಾರದು? ಗೆದ್ದರೆ ಅದೇ ಖಾತೆ ಸಿಗುತ್ತದೆಯೇ?

ಉತ್ತರ 1:
ಕೆಲಸವೆಲ್ಲ ಸದನದ ವೇಳಾಪಟ್ಟಿಗೆ ಅಂಟಿಕೊಂಡಿದೆ. ಇಲಾಖೆಯ ಪ್ರಶ್ನೋತ್ತರ ಬಂದ ದಿನ ಆ ಸಚಿವರಿಗೆ ಎದುರು ನಿಲ್ಲುವುದು, ಮಸೂದೆ ಸಮಿತಿಗೆ ಹೋದಾಗ ಒಂದೊಂದು ಕಲಮಿಗೂ ತಿದ್ದುಪಡಿ ಬರೆದು ಮಂಡಿಸುವುದು. ಪ್ರತಿ ಅಧಿವೇಶನಕ್ಕೆ 20 ದಿನ ಚರ್ಚೆಯ ವಿಷಯ ಆರಿಸುವ ಹಕ್ಕು ವಿರೋಧ ಪಕ್ಷಗಳದು. ಅದರಲ್ಲಿ 17 ದಿನ ದೊಡ್ಡ ಪಕ್ಷಕ್ಕೆ. ಬುಧವಾರ ಪ್ರಧಾನಿಗೆ ಆರು ಪ್ರಶ್ನೆ ಕೇಳುವ ಹಕ್ಕು ವಿರೋಧ ಪಕ್ಷದ ನಾಯಕರದು.

ಸರ್ಕಾರದ ಸಂಬಳ ಸಿಗುವುದು ನಾಯಕರಿಗೆ (1937ರ ಕಾಯ್ದೆಯಿಂದ) ಮತ್ತು ಕೆಲವು ಸಚೇತಕರಿಗೆ ಮಾತ್ರ. ಉಳಿದವರಿಗೆ ಸಂಸದರ ವೇತನವಷ್ಟೇ. ಸಂಶೋಧಕರು, ಕಚೇರಿ ಸಿಬ್ಬಂದಿಗೆ 1975ರಲ್ಲಿ ಶುರುವಾದ ‘ಶಾರ್ಟ್ ಮನಿ’ (ವಿರೋಧ ಪಕ್ಷಗಳಿಗೆ ಕೊಡುವ ಸಾರ್ವಜನಿಕ ಹಣ) ಇದೆ. ಪಕ್ಷ ಗಳಿಸಿದ ಸೀಟು, ಮತ ಎರಡನ್ನೂ ಲೆಕ್ಕ ಹಾಕಿ ಕೊಡುತ್ತಾರೆ. ಹೀನಾಯವಾಗಿ ಸೋತ ಪಕ್ಷಕ್ಕೆ ಹಣವೂ ಕಡಿಮೆ. ಸಿಬ್ಬಂದಿ ಹೆಚ್ಚು ಬೇಕಾದ ಹೊತ್ತಿಗೇ ಕಡಿತ ಬೀಳುತ್ತದೆ.

ಉತ್ತರ 2:
ಅಧಿಕಾರಕ್ಕೆ ಸಿದ್ಧತೆ ಎಂದರೆ ಮುಖ್ಯವಾಗಿ ಅಧಿಕಾರಿಗಳ ಜೊತೆಗಿನ ಮಾತುಕತೆ. 1964ರಿಂದ ಈ ರೂಢಿಯಿದೆ. ಪ್ರಧಾನಿ ಒಪ್ಪಿಗೆ ಕೊಟ್ಟ ಮೇಲೆ ಛಾಯಾ ಸಚಿವರು ಇಲಾಖೆಯ ಅತ್ಯುನ್ನತ ಅಧಿಕಾರಿಯನ್ನು ಗುಟ್ಟಾಗಿ ಕಾಣುತ್ತಾರೆ. ಅಧಿಕಾರಿ ಹೆಚ್ಚಾಗಿ ಕೇಳಿಸಿಕೊಳ್ಳುತ್ತಾರೆ, ನೀತಿಯ ಬಗ್ಗೆ ಸಲಹೆ ಕೊಡುವಂತಿಲ್ಲ. ಆಡಿದ್ದನ್ನು ತಮ್ಮ ಸಚಿವರಿಗೂ ಹೇಳುವಂತಿಲ್ಲ. 2024ರ ಜನವರಿಯಲ್ಲಿ ಆಗಿನ ಪ್ರಧಾನಿ ಸುನಕ್ ಅನುಮತಿ ಕೊಟ್ಟರು, ಜುಲೈ 4ಕ್ಕೆ ಮತದಾನ ಆಯಿತು. ಖಾತೆ ಪದೇಪದೇ ಬದಲಾಯಿಸುವ ಪಕ್ಷಕ್ಕೆ ಈ ಮಾತುಕತೆಯಿಂದ ಲಾಭವಿಲ್ಲ.

ಅದೇ ಖಾತೆ ಸಿಗುತ್ತದೆಂಬ ಖಾತ್ರಿಯಿಲ್ಲ. ಆ ಚುನಾವಣೆ ಗೆದ್ದ ಲೇಬರ್ ಪಕ್ಷದ ಸ್ಟಾರ್ಮರ್ ಸಂಪುಟದಲ್ಲಿ ರೀವ್ಸ್, ಲ್ಯಾಮಿ, ಕೂಪರ್, ಸ್ಟ್ರೀಟಿಂಗ್ ತಮ್ಮ ಖಾತೆಗಳಲ್ಲೇ ಕೂತರು. ಸಂಸ್ಕೃತಿ ಖಾತೆ ನೋಡುತ್ತಿದ್ದ ಡೆಬೊನೇರ್ ಬ್ರಿಸ್ಟಲ್‌ನಲ್ಲಿ ಸೋತರು, ಆ ಜಾಗಕ್ಕೆ ನಂದಿ ಬಂದರು. ಅಟಾರ್ನಿ ಜನರಲ್ ಆಗಬೇಕಿದ್ದ ಥಾರ್ನ್‌ಬೆರಿ ಗೆದ್ದೂ ಹೊರಗುಳಿದರು.

ಉತ್ತರ 3:
ಛಾಯಾ ಸಂಪುಟ ಕೈ ಕೊಡುವ ಜಾಗ ಎರಡು. ಮೊದಲನೆಯದು ದುಡ್ಡಿನ ಭರವಸೆ. ಹಸಿರು ಹೂಡಿಕೆಗೆ ವರ್ಷಕ್ಕೆ 2,800 ಕೋಟಿ ಪೌಂಡ್ ಎಂದು ಲೇಬರ್ 2021ರಲ್ಲಿ ಘೋಷಿಸಿತು. ಬಡ್ಡಿ ದರ ಏರಿತು, ಎದುರಾಳಿಗಳು ಆ ಅಂಕಿಯನ್ನೇ ಹಿಡಿದು ಜಗ್ಗಿದರು. 2024ರ ಫೆಬ್ರವರಿಯಲ್ಲಿ ಅದು 470 ಕೋಟಿಗೆ ಇಳಿಯಿತು. ಅದಕ್ಕೇ ಛಾಯಾ ಹಣಕಾಸು ಸಚಿವರ ಸಹಿ ಇಲ್ಲದೆ ಯಾವ ಖಾತೆಯವರೂ ಅಂಕಿ ಬಾಯಿಬಿಡಬಾರದು. ಎರಡನೆಯದು ಒಡಕು. 2016ರಲ್ಲಿ ಆಗಿನ ಲೇಬರ್ ನಾಯಕ ಕಾರ್ಬಿನ್ ತಂಡದಿಂದ ಸಾಮೂಹಿಕ ರಾಜೀನಾಮೆ ಬಿದ್ದಾಗ, 81 ವರ್ಷದ ಸಂಸದ ಪಾಲ್ ಫ್ಲಿನ್ ಒಬ್ಬರೇ ಎರಡು ಹೊಣೆ ಹೊರಬೇಕಾಯಿತು.

ಪ್ರಶ್ನೆ ಕೇಳಿದವರು:
ಉಪಯುಕ್ತ ಮಾಹಿತಿ, ಧನ್ಯವಾದ. ನಮ್ಮ ಲೋಕಸಭೆಯಲ್ಲಿ ಇದನ್ನು ಎಲ್ಲಿಂದ ಶುರು ಮಾಡಬಹುದು?

ಉತ್ತರ 1:
1977ರ ಕಾಯ್ದೆ ವಿರೋಧ ಪಕ್ಷದ ನಾಯಕರಿಗೆ ಸಂಬಳ, ಸವಲತ್ತು ಕೊಡುತ್ತದೆ. ಶಾರ್ಟ್ ಮನಿಯಂಥದ್ದು ಇಲ್ಲ. ಹಾಗಾಗಿ ಖಾತೆ ಹಂಚುವಾಗ ಆ ಇಲಾಖೆಯ ಸ್ಥಾಯಿ ಸಮಿತಿಯಲ್ಲಿರುವವರನ್ನೇ ಆರಿಸಿ. ಬಜೆಟ್ ಬೇಡಿಕೆಗಳ ವಿವರ, ಇಲಾಖೆ ಅಧಿಕಾರಿಗಳ ಮೌಖಿಕ ಉತ್ತರ ಎರಡೂ ಅವರಿಗೆ ಅಲ್ಲೇ ಸಿಗುತ್ತವೆ. ಜೊತೆಗೆ ಆ ಇಲಾಖೆಯ ಸಿಎಜಿ ವರದಿಗಳನ್ನು ಇಟ್ಟುಕೊಂಡರೆ ಮೊದಲ ಆರು ತಿಂಗಳ ಪ್ರಶ್ನೆಗಳಿಗೆ ಸಾಕಷ್ಟು ಸರಕು ಸಿಗುತ್ತದೆ.