ರಾತ್ರಿ ಗೂಡಲ್ಲಿ ಗೊರಗೊರ ಸದ್ದು: ಕೋಳಿಗೆ ಏನು ಕೊಡಬೇಕು?

ಪ್ರಶ್ನೆ (ಅರಸೀಕೆರೆ ಕಡೆಯಿಂದ): ನಮಸ್ಕಾರ ಡಾಕ್ಟ್ರೇ. ಹಿತ್ತಲಲ್ಲಿ 14 ಕೋಳಿ ಸಾಕಿದ್ದೇವೆ. ಅರ್ಧ ನಾಟಿ, ಅರ್ಧ ಗಿರಿರಾಜ. ಮಳೆ ಹಿಡಿದ ಮೇಲೆ ಸಂತೆಯಿಂದ ಒಂದು ಹುಂಜ ತಂದು ಜೊತೆಗೇ ಬಿಟ್ಟೆವು. ಈಗ ರಾತ್ರಿ ಗೂಡಿನ ಹತ್ತಿರ ಹೋದರೆ ಗೊರಗೊರ ಸದ್ದು. ಹಗಲೆಲ್ಲ ಸೀನುತ್ತವೆ, ತಲೆ ಕೊಡವುತ್ತವೆ. ಎರಡು ಹೇಂಟೆಗಳ ಕಣ್ಣಲ್ಲಿ ನೊರೆ. ಮೊಟ್ಟೆ ಕಡಿಮೆಯಾಗಿದೆ. ಬೆಳ್ಳುಳ್ಳಿ, ಅರಿಶಿನ ಕೊಟ್ಟಾಯಿತು. ಅಂಗಡಿಯವರು ಕೊಟ್ಟ ಅಮಾಕ್ಸಿಸಿಲಿನ್ ಪುಡಿಯನ್ನೂ ಹಾಕಿದೆವು, ಏನೂ ಆಗಲಿಲ್ಲ. ಮುಂದೇನು ಮಾಡೋದು? ಮೊಟ್ಟೆ ತಿನ್ನಬಹುದಾ?

ಡಾಕ್ಟರ್: ಔಷಧಿ ಆಮೇಲೆ ಹೇಳುತ್ತೇನೆ, ಮೊದಲು ಇದನ್ನು ನೋಡಿ. ಮುಖ ಊದಿದೆಯಾ? ಮೂಗಿನ ಹತ್ತಿರ ಕೊಳೆತ ವಾಸನೆ ಇದೆಯಾ? ಹಿಕ್ಕೆ ಹಸಿರಾಗಿದೆಯಾ? ಯಾವುದಾದರೂ ಕತ್ತು ತಿರುಚುತ್ತಿದೆಯಾ, ಕಾಲು ಎಳೆಯುತ್ತಿದೆಯಾ? ಕೊಕ್ಕರೆ ರೋಗದ ಲಸಿಕೆ ಹಾಕಿಸಿದ್ದೀರಾ?

ಪ್ರಶ್ನೆ ಕೇಳಿದವರು: ಮುಖ ಊದಿಲ್ಲ, ವಾಸನೆಯೂ ಇಲ್ಲ. ಹಿಕ್ಕೆ ಎಂದಿನಂತೇ ಇದೆ. ಮೇವು ತಿನ್ನುತ್ತಿವೆ, ಒಂದೂ ಸತ್ತಿಲ್ಲ. ನಮ್ಮವಕ್ಕೆ ಲಸಿಕೆ ಆಗಿದೆ. ಹುಂಜದ್ದು ಗೊತ್ತಿಲ್ಲ. ಅದೇ ಮೊದಲು ಸೀನಿದ್ದು.

ಡಾಕ್ಟರ್: ಹಾಗಾದರೆ ಸಿಆರ್‌ಡಿ ಇರುವ ಸಾಧ್ಯತೆ ಜಾಸ್ತಿ. ಮೈಕೊಪ್ಲಾಸ್ಮಾ ಅನ್ನುವ ರೋಗಾಣುವಿನಿಂದ ಬರುವ ಹಳೇ ನೆಗಡಿ ಅದು. ನಿಧಾನಕ್ಕೆ ಹರಡುತ್ತದೆ, ಕಣ್ಣಲ್ಲಿ ನೊರೆ ಬರುತ್ತದೆ, ಸಾವು ಕಡಿಮೆ, ಮೊಟ್ಟೆ ಇಳಿಯುತ್ತದೆ. ಆದರೆ ಸದ್ದು ಕೇಳಿಯೇ ರೋಗ ಇದೇ ಅಂತ ಹೇಳಲು ಆಗುವುದಿಲ್ಲ. ಕೋಳಿಯ ಹತ್ತಾರು ರೋಗಗಳು ಗೊರಗೊರ ಅಂತಲೇ ಶುರುವಾಗುತ್ತವೆ.

ಅಮಾಕ್ಸಿಸಿಲಿನ್ ಯಾಕೆ ನಾಟಲಿಲ್ಲ ಗೊತ್ತಾ? ಪೆನಿಸಿಲಿನ್ ಗುಂಪಿನ ಔಷಧಿಗಳು ಕೆಲಸ ಮಾಡುವುದೇ ರೋಗಾಣುವಿನ ಹೊರಗೋಡೆ ಒಡೆದು. ಮೈಕೊಪ್ಲಾಸ್ಮಾಗೆ ಆ ಗೋಡೆಯೇ ಇಲ್ಲ. ಡಬ್ಬಿಗಟ್ಟಲೆ ಹಾಕಿದರೂ ದುಡ್ಡು ದಂಡ. ಇದಕ್ಕೆ ಟೈಲೋಸಿನ್ ಅಥವಾ ಡಾಕ್ಸಿಸೈಕ್ಲಿನ್ ಬೇಕು. ಟೈಲೋಸಿನ್ ಆದರೆ ಸಾಮಾನ್ಯವಾಗಿ ಲೀಟರ್ ನೀರಿಗೆ ಅರ್ಧ ಗ್ರಾಂ ಔಷಧದ ಅಂಶ ಬೀಳಬೇಕು, 3ರಿಂದ 5 ದಿನ. ಅಂಗಡಿ ಪುಡಿಯಲ್ಲಿ ಈ ಅಂಶ ಒಂದೊಂದು ಕಂಪನಿಯದು ಒಂದೊಂದು ಥರ. ಅದಕ್ಕೇ ಚಮಚದ ಲೆಕ್ಕ ನಾನು ಇಲ್ಲಿ ಹೇಳುವುದಿಲ್ಲ. ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ಒಂದು ಕೋಳಿ ತೋರಿಸಿ, ಚೀಟಿ ಬರೆಸಿಕೊಳ್ಳಿ.

ಇನ್ನು ನೀರಿನ ವಿಷಯ. ಹಿತ್ತಲ ಕೋಳಿಗೆ ಔಷಧಿ ಹತ್ತದಿರಲು ಮುಕ್ಕಾಲು ಪಾಲು ಇದೇ ಕಾರಣ ಅಂತ ನನ್ನ ಅನುಭವ. ದೊಡ್ಡ ಕೋಳಿ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ. ನಿಮ್ಮ 14ಕ್ಕೆ ಮೂರೂವರೆ ಲೀಟರ್ ಆಯಿತು. ನೀವು ಬಟ್ಟಲಲ್ಲಿ ಔಷಧಿ ನೀರಿಟ್ಟರೆ ಅವು ಹೋಗಿ ಬಚ್ಚಲ ನೀರು, ಗುಂಡಿಯ ಮಳೆ ನೀರು ಕುಡಿದು ಬರುತ್ತವೆ. ಆ ದಿನಗಳಲ್ಲಿ ಹೊರಗೆ ಬಿಡಬೇಡಿ. ಬೆಳಗ್ಗೆ ಅರ್ಧ, ಮಧ್ಯಾಹ್ನ ಅರ್ಧ ಹೊಸದಾಗಿ ಕಲಸಿ ಇಡಿ. ಡಾಕ್ಸಿಸೈಕ್ಲಿನ್ ಕೊಡುವುದಾದರೆ ಕ್ಯಾಲ್ಸಿಯಂ ಟಾನಿಕ್, ಚಿಪ್ಪಿನ ಪುಡಿ ಅಷ್ಟು ದಿನ ನಿಲ್ಲಿಸಿ. ಎರಡೂ ಅಂಟಿಕೊಂಡು ಔಷಧಿ ಮೈಗೆ ಸೇರುವುದೇ ಇಲ್ಲ. ಎರಡು ದಿನಕ್ಕೆ ಸದ್ದು ಕಮ್ಮಿಯಾಯಿತು ಅಂತ ಮಧ್ಯೆ ಬಿಡಬೇಡಿ.

ಅರಿಶಿನ, ಬೆಳ್ಳುಳ್ಳಿ ಕೊಡಿ, ಬೇಡ ಅನ್ನಲ್ಲ. ಆದರೆ ಅದನ್ನೇ ನಂಬಿ ವಾರ ಕಳೆಯಬೇಡಿ.

ಮತ್ತೊಬ್ಬ ಸದಸ್ಯರು: ನಾವು ಏನೇ ಬಂದರೂ ಎನ್ರೋಫ್ಲಾಕ್ಸಾಸಿನ್ ಹಾಕಿಬಿಡುತ್ತೇವೆ ಸಾರ್. ಬೇಗ ಹಿಡಿಯುತ್ತದೆ.

ಡಾಕ್ಟರ್: ಹಿಡಿಯುತ್ತದೆ, ನಿಜ. ಆದರೆ ಮೊಟ್ಟೆ ಇಡುವ ಹೇಂಟೆಗೆ ಅದು ಬೇಡ. ಅದರ ಅಂಶ ಮೊಟ್ಟೆಯಲ್ಲಿ ಬಹಳ ದಿನ ಉಳಿಯುತ್ತದೆ, ನಿಮ್ಮ ಮಕ್ಕಳೇ ತಿನ್ನೋದಲ್ವಾ? ಹೀಗೆ ಸುಮ್ನೆ ಹಾಕಿ ಹಾಕಿಯೇ ಔಷಧಿಗಳು ನಾಟದ ಹಾಗೆ ಆಗಿರುವುದು. ಕೊಲಿಸ್ಟಿನ್ ಅನ್ನುವ ಆಂಟಿಬಯೋಟಿಕ್ ಅನ್ನು 2019ರಲ್ಲಿ ಸರ್ಕಾರ ಕೋಳಿ, ದನಗಳಿಗೆ ಪೂರ್ತಿ ನಿಷೇಧ ಮಾಡಿದ್ದೂ ಇದಕ್ಕೇ. ಮೊದಲು ಕೇಳಿದವರಿಗೂ ಇದೇ ಉತ್ತರ: ಔಷಧಿ ಕೊಡುವಾಗ ಮತ್ತು ಆಮೇಲೆ ಡಬ್ಬಿ ಮೇಲೆ ಬರೆದಷ್ಟು ದಿನ ಮೊಟ್ಟೆ ತಿನ್ನಬೇಡಿ, ಮಾರಬೇಡಿ. ರೋಗ ಮಾತ್ರ ಮೊಟ್ಟೆಯಿಂದ ಮನುಷ್ಯರಿಗೆ ಬರುವುದಿಲ್ಲ.

ರಾಮನಗರದಿಂದ: ನಮ್ಮವಕ್ಕೆ ಮೂರೇ ದಿನದಲ್ಲಿ ಎಲ್ಲಕ್ಕೂ ಮುಖ ಊದಿ ಕಣ್ಣು ಮುಚ್ಚಿಹೋಗಿದೆ. ಹತ್ತಿರ ಹೋದರೆ ನಾತ.

ಡಾಕ್ಟರ್: ಅದು ಕೊರೈಜಾ ಇರಬೇಕು, ಬೇರೆ ರೋಗ. ಅಷ್ಟು ಬೇಗ ಹರಡುವುದು, ಆ ನಾತ, ಎರಡೂ ಅದರ ಗುರುತು. ಕಣ್ಣನ್ನು ಉಗುರುಬೆಚ್ಚಗಿನ ಉಪ್ಪು ನೀರಲ್ಲಿ ಒರೆಸಿ, ಕಾಣದಿದ್ದರೆ ಮೇವೇ ತಿನ್ನಲ್ಲ. ಇವತ್ತೇ ಆಸ್ಪತ್ರೆಗೆ ಹೋಗಿ. ಔಷಧಿಗೆ ಬಗ್ಗುವ ರೋಗ.

ಬಗ್ಗದೇ ಇರುವುದು ಕೊಕ್ಕರೆ ರೋಗ. ಹಸಿರು ಹಿಕ್ಕೆ, ತಿರುಚಿದ ಕತ್ತು ಕಂಡರೆ ಔಷಧಿಗೆ ದುಡ್ಡು ಸುರಿಯಬೇಡಿ, ಅದು ವೈರಸ್. ಮರಿಗೆ 5ರಿಂದ 7ನೇ ದಿನ ಕಣ್ಣಿಗೆ ಲಸಿಕೆ ಹನಿ, 8 ವಾರಕ್ಕೆ ಆರ್2ಬಿ ಅನ್ನುವ ಲಸಿಕೆಯ ಸೂಜಿ, ಇಷ್ಟೇ ದಾರಿ. ಲಸಿಕೆ ಬಾಟಲಿ ದೊಡ್ಡದು, ಒಡೆದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ, ಐಸ್ ಹಾಕಿದ ಫ್ಲಾಸ್ಕಲ್ಲಿ ತನ್ನಿ. ಸೀನುತ್ತಿರುವ ಕೋಳಿಗೆ ಈಗ ಹಾಕಿಸಬೇಡಿ.

ಒಟ್ಟಿಗೆ ನಾಲ್ಕಾರು ಸತ್ತು ಬಿದ್ದರೆ, ಜುಟ್ಟು ನೀಲಿಯಾದರೆ, ಬರಿಗೈಲಿ ಮುಟ್ಟಬೇಡಿ, ಕೊಯ್ಯಬೇಡಿ. ಹಕ್ಕಿಜ್ವರ ನಮ್ಮ ಕಡೆಗೂ ಬಂದಿದೆ: 2012ರಲ್ಲಿ ಹೆಸರಘಟ್ಟ, 2020ರಲ್ಲಿ ಮೈಸೂರು. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಪ್ರಶ್ನೆ ಕೇಳಿದವರು: ಮಳೆ ನೀರು ಬೀಳದ ಹಾಗೆ ಗೂಡಿಗೆ ಸುತ್ತ ಪ್ಲಾಸ್ಟಿಕ್ ಕಟ್ಟಿದ್ದೇವೆ. ಅದು ಸರಿನಾ?

ಡಾಕ್ಟರ್: ಸುತ್ತ ಕಟ್ಟಿದ್ದೇ ತಪ್ಪಾಗಿದೆ. ಬೆಳಗ್ಗೆ ಬಾಗಿಲು ತೆಗೆದು, ಕೋಳಿಯ ಎತ್ತರಕ್ಕೆ ಬಗ್ಗಿ ಉಸಿರೆಳೆದು ನೋಡಿ. ಕಣ್ಣು ಉರಿದರೆ ಹಿಕ್ಕೆಯಿಂದ ಬರುವ ಅಮೋನಿಯಾ ಒಳಗೇ ನಿಂತಿದೆ ಅಂತ ಅರ್ಥ. ಆ ಗಾಳಿಯಲ್ಲಿ ಯಾವ ಔಷಧಿಯೂ ಪೂರ್ತಿ ಕೆಲಸ ಮಾಡಲ್ಲ. ಇರಚಲು ಹೊಡೆಯುವ ಕಡೆ ಮಾತ್ರ ಕಟ್ಟಿ, ಮೇಲೆ ಒಂದಡಿ ಬಿಡಿ. ಒದ್ದೆಯಾದ ಭತ್ತದ ಹೊಟ್ಟಿನ ಮೇಲೆ ಸುಣ್ಣ ಎರಚಬೇಡಿ, ಘಾಟು ಇನ್ನೂ ಏಳುತ್ತದೆ. ಹೊಟ್ಟು ತೆಗೆದು ಹಾಕಿ, ಬರಿ ನೆಲಕ್ಕೆ ಸುಣ್ಣ ಹಾಕಿ, ಒಣಗಿದ ಮೇಲೆ ಹೊಸ ಹೊಟ್ಟು ಹರಡಿ.

ಪ್ರಶ್ನೆ ಕೇಳಿದವರು: ಆ ಹುಂಜವನ್ನು ಬರೋ ಸಂತೆಗೆ ವಾಪಸ್ ಮಾರಿಬಿಡಲಾ?

ಡಾಕ್ಟರ್: ಬೇಡ. ಇನ್ನೊಬ್ಬರ ಹಿತ್ತಲಿಗೆ ಹೋಗಿ ಅಲ್ಲಿ ಸೀನುತ್ತದೆ. ಸಿಆರ್‌ಡಿ ಬಂದ ಕೋಳಿ ಗುಣವಾದ ಹಾಗೆ ಕಂಡರೂ ರೋಗಾಣು ಒಳಗೇ ಉಳಿಯುತ್ತದೆ. ಚಳಿ, ಮಳೆ, ಲಸಿಕೆ, ಯಾವುದರ ಆಯಾಸಕ್ಕಾದರೂ ಮತ್ತೆ ಎದ್ದು ಬರುತ್ತದೆ. ಹಾಗಾಗಿ ಹಳೇ 14 ಕೋಳಿಯನ್ನೂ ಈಗ ವಾಹಕ ಅಂತಲೇ ಲೆಕ್ಕ ಹಾಕಿ. ಮೊಟ್ಟೆಯ ಮೂಲಕ ಮರಿಗೂ ಬರುತ್ತದೆ, ಅದಕ್ಕೆ ಇವುಗಳ ಮೊಟ್ಟೆಯನ್ನು ಕಾವಿಗೆ ಕೂರಿಸಬೇಡಿ, ನೆಂಟರಿಗೆ ಮರಿ ಮಾಡಲು ಅಂತ ಕೊಡಲೂಬೇಡಿ. ಹೊಸ ಮರಿ ತರುವುದಾದರೆ ಇವು ಮುಗಿದ ಮೇಲೆ, ಗೂಡು ಎರಡು ಮೂರು ವಾರ ಖಾಲಿ ಬಿಟ್ಟು ತನ್ನಿ. ಅಲ್ಲಿಯವರೆಗೂ ಹೊಸ ಕೋಳಿ ಏನೂ ಸೇರಿಸಬೇಡಿ.